ಸೆಲೆಗೆ ಸೋರಿಕೆ ಎಂದವಳು

ಜುಲೈ 14, ಸೋಮವಾರ

ರಾಣೆಬೆನ್ನೂರಿನ ಡಾಕ್ಟರು ನನ್ನ ತೋಳಿಗೆ ಕಟ್ಟಿದ ಬಿ.ಪಿ. ಪಟ್ಟಿ ಬಿಚ್ಚುತ್ತ, ಸಿಟ್ಟು ಬಂದಾಗ ಒದರಬೇಡಿ, ಬರೆದಿಡಿ ಎಂದರು. ಪಕ್ಕದಲ್ಲಿ ಕೂತಿದ್ದ ನಮ್ಮ ಯಜಮಾನರು, ಹಾಗಾದರೆ ರದ್ದಿ ಅಂಗಡಿಯನ್ನೇ ಕೊಳ್ಳಬೇಕಾಗುತ್ತದೆ ಎಂದು ನಕ್ಕರು. ಅಲ್ಲಿಯೇ ಒದರಬೇಕಿತ್ತು, ಡಾಕ್ಟರ ಮುಖ ನೋಡಿ ಸುಮ್ಮನಾದೆ. ಬಸ್ ಸ್ಟ್ಯಾಂಡಿನಲ್ಲಿ ಈ ಡೈರಿ ತೆಗೆದುಕೊಂಡೆ. ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಪುಟದಲ್ಲಿ ಹೆಸರು ಬರೆಯಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ನಾಗಲಕ್ಷ್ಮಿ, ಖಾರ ಕುಟ್ಟುವ ಗಿರಣಿ, ಡ್ಯಾಮಿನ ಕೆಳಗೆ. ಅಂಚೆಯವನಿಗೆ ಇಷ್ಟೇ ಸಾಕು. ಡ್ಯಾಮು ಎಂದರೆ ದೊಡ್ಡದೇನಲ್ಲ. ಹಳ್ಳಕ್ಕೆ ಅಡ್ಡ ಹಾಕಿದ ಮಣ್ಣಿನ ಏರಿ, ಒಂದು ತೂಬು, ಒಂದು ಕೋಡಿ. ಅತ್ತೆ ಈ ಮನೆಗೆ ಮದುಮಗಳಾಗಿ ಬರುವ ಹಿಂದಿನ ವರ್ಷ ಕಟ್ಟಿದ್ದಂತೆ. ಏರಿಯ ಬುಡದಲ್ಲಿ, ನಮ್ಮ ಹಿತ್ತಲಿಂದ ಕೂಗಿದರೆ ಕೇಳುವಷ್ಟು ದೂರದಲ್ಲಿ, ಗಂಗವ್ವನ ಸೆಲೆ ಇದೆ. ಬೇಸಿಗೆಯಲ್ಲೂ ತಿಳಿ ನೀರು. ಡ್ಯಾಮು ಬತ್ತಿದ ವರ್ಷ ಮಾತ್ರ ಸೆಲೆಯೂ ಬತ್ತಿತ್ತು. ಊರಿಗೆ ಬಂದ ಕಷ್ಟ ನೋಡಲಾರದೆ ತಾಯಿ ಒಳಗೆ ಹೋಗಿದ್ದಾಳೆ ಎಂದು ಅತ್ತೆ ಹೇಳಿದ್ದರು.

ನಮ್ಮೂರಿನ ಬಾಣಂತಿ ಮೊದಲು ಹೊರಗೆ ಕಾಲಿಡುವುದು ಈ ಸೆಲೆಗೇ. ಗಂಗಿಪೂಜೆ ಮಾಡಿ, ಒಂದು ಚೊಂಬು ನೀರು ತುಂಬಿ ಮನೆಗೆ ತಂದ ಮೇಲೆಯೇ ಅವಳು ಮತ್ತೊಂದು ಕಡೆ ಹೋಗಬಹುದು. ಈಗ ನನ್ನ ಮಧುವಿನ ಸರದಿ. ಹೊಸರಿತ್ತಿಗೆ ಕೊಟ್ಟ ಒಬ್ಬಳೇ ಮಗಳು. ಮದುವೆಯಾಗಿ ಎಂಟು ವರ್ಷ ಮಡಿಲು ತುಂಬದೆ ಕಂಡಕಂಡವರ ಬಾಯಿಗೆ ಬಿದ್ದವಳು. ಹೋದ ವರ್ಷ ಸೆಲೆಯ ಮುಂದೆ ಸೆರಗೊಡ್ಡಿ ಹರಕೆ ಹೊತ್ತೆ: ಇವಳಿಗೊಂದು ಕೂಸು ಕೊಡು ತಾಯಿ, ನಿನಗೆ ಸಿಮೆಂಟಿನ ಹೊಂಡ ಕಟ್ಟಿಸಿ, ಹಿತ್ತಾಳೆಯ ಗೋಮುಖದಿಂದ ನೀರು ಬೀಳುವ ಹಾಗೆ ಮಾಡುತ್ತೇನೆ. ತಾಯಿ ತನ್ನ ಮಾತು ನಡೆಸಿದಳು. ಹೆಣ್ಣುಕೂಸು ಒಳಕೋಣೆಯಲ್ಲಿ ಈಗ ಅಳುತ್ತಿದೆ. ಇನ್ನು ನನ್ನ ಮಾತು. ಶ್ರಾವಣದಲ್ಲಿ ಹೊಂಡ ಮುಗಿಯಬೇಕು, ಅಲ್ಲಿಯೇ ಮಧುವಿನ ಗಂಗಿಪೂಜೆ ಆಗಬೇಕು.

ಬರೆದರೆ ಸಿಟ್ಟು ಇಳಿಯುತ್ತದೆ ಎನ್ನುವುದು ಖರೇ ಇರಬಹುದು. ಯಜಮಾನರಿಗೆ ಚಹಾ ಕೊಟ್ಟೆ.

ಜುಲೈ 22, ಮಂಗಳವಾರ

ಇವತ್ತು ಬರೆಯದಿದ್ದರೆ ತಲೆ ಸಿಡಿಯುತ್ತದೆ.

ಮಳೆಗಾಲದಲ್ಲಿ ಡ್ಯಾಮು ಗಟ್ಟಿ ಇದೆಯೋ ಇಲ್ಲವೋ ನೋಡಲು ನೀರಾವರಿಯವರು ಒಬ್ಬ ಹುಡುಗಿಯನ್ನು ಕಳಿಸಿದ್ದರು. ಇಂಜಿನಿಯರಂತೆ, ಹೆಸರು ಹರಿಪ್ರಿಯಾ, ಹಾವೇರಿಯವಳು. ಸ್ಕೂಟಿಯ ಮೇಲೆ ಬಂದಳು. ಏರಿಯ ಮೇಲೆಲ್ಲ ಅಡ್ಡಾಡಿ, ಜಾಲಿ ಕಡಿಸಬೇಕು, ಹೆಗ್ಗಣದ ಬಿಲ ಮುಚ್ಚಿಸಬೇಕು ಎಂದಳು. ಅಲ್ಲಿಯ ತನಕ ಸರಿ. ಆಮೇಲೆ ಸೆಲೆಯ ಹತ್ತಿರ ಬಂದು, ಚಪ್ಪಲಿ ಬಿಟ್ಟು (ಅಷ್ಟಾದರೂ ಬುದ್ಧಿ ಇದೆ), ಕುಕ್ಕರಗಾಲಲ್ಲಿ ಕೂತು, ಗಾಜಿನ ಬಾಟಲಿಗೆ ನೀರು ತುಂಬಿ ಬಿಸಿಲಿಗೆ ಹಿಡಿದು ನೋಡಿದಳು. ನಾನು ಅರಿಷಿಣ ಕುಂಕುಮ ಹಿಡಿದು ನಿಂತಿದ್ದೆ. ನನ್ನ ಕಡೆ ತಿರುಗಿ ಹೇಳಿದಳು:

"ಇದು ಸೆಲಿ ಅಲ್ರಿ ಅಕ್ಕಾರ, ಸೋರಿಕಿ. ಡ್ಯಾಮಿನ ನೀರು ಏರಿ ಒಳಗಿಂದ ಜಿನುಗಿ ಇಲ್ಲಿ ಬರ್ತದ."

ಸೋರಿಕೆಯಂತೆ. ಸೋರುವುದು ಮಾಳಿಗೆ. ಸೋರುವುದು ತೂತು ಬಿದ್ದ ಕೊಡ. ಊರ ಹೆಣ್ಣುಮಕ್ಕಳೆಲ್ಲ ಉಡಿ ತುಂಬುವ ತಾಯಿಗೆ ಸೋರಿಕೆ ಎಂದವಳ ನಾಲಿಗೆಯನ್ನು ಏನೆನ್ನಬೇಕು? ನಾನು ಆಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅತ್ತೆಗೆ ಕಿವಿ ಮಂದ, ಅವರಿಗೂ ಕೇಳಿಸಿತಂತೆ, ಅಷ್ಟು ಸಾಕು. ಹುಡುಗಿ ಮಾತ್ರ, ತಿಳಿ ನೀರು ಬರುವ ತನಕ ಹೆದರಿಕೆ ಇಲ್ಲ, ಆದರೆ ಇದರ ಮೇಲೆ ಏನೂ ಕಟ್ಟಬೇಡಿ ಎಂದು ಹೇಳಿ, ಬಾಟಲಿ ಚೀಲಕ್ಕೆ ಹಾಕಿಕೊಂಡು ಹೋದಳು.

ಕಟ್ಟಬೇಡಿ ಎನ್ನಲು ಇವಳು ಯಾರು? ಹರಕೆ ಹೊತ್ತವಳು ನಾನು.

ಜುಲೈ 28, ಸೋಮವಾರ

ಶ್ರಾವಣ ಸೋಮವಾರ. ಕೆಲಸ ಶುರುವಾಯಿತು. ಗೌಂಡಿ ಮಹಮ್ಮದಗೌಸ ತಾನೇ ಒಂದು ಕಾಯಿ ತಂದು ಒಡೆದ. ಅವನ ಹೆಂಡತಿಯೂ ಎರಡು ಬಾಣಂತನದಲ್ಲಿ ಇಲ್ಲಿಂದಲೇ ನೀರು ಒಯ್ದವಳು.

ನೀರು ಒಂದೇ ಕಡೆ ಬರುವುದಿಲ್ಲ, ನೆಲದ ತುಂಬ ಅಲ್ಲಲ್ಲಿ ಜಿನುಗುತ್ತದೆ. ಮಹಮ್ಮದಗೌಸ ಅದನ್ನೆಲ್ಲ ಒಂದು ಪೈಪಿಗೆ ಕೂಡಿಸಿ, ಉಳಿದ ಜಿನುಗು ಬಾಯಿಗಳಿಗೆ ಬೇಗ ಬಿಗಿಯುವ ಸಿಮೆಂಟು ಮೆತ್ತಿದ. ಜಾಣ. ಇಂಜಿನಿಯರಿಗೆ ಯಾರಾದರೂ ತೋರಿಸಬೇಕು, ಕೆಲಸ ಎಂದರೆ ಇದು.

ಆಗಸ್ಟ್ 2, ಶನಿವಾರ

ಹೊಂಡ ಮುಗಿಯಿತು. ಏನು ಚೆಂದ. ಗೋಮುಖದಿಂದ ಬೆರಳುಗಾತ್ರದ ನೀರು ಒಂದೇ ಸಮನೆ ಬೀಳುತ್ತದೆ. ಮಧು ಕಿಟಕಿಯಿಂದಲೇ ಕೂಸಿಗೆ ತೋರಿಸಿದಳು. ಈ ಸೋಮವಾರ ಬಿಟ್ಟು ಮುಂದಿನ ಸೋಮವಾರ ಗಂಗಿಪೂಜೆ ಎಂದು ಅತ್ತೆ ದಿನ ಹಿಡಿದರು.

ಇಷ್ಟು ಒಳ್ಳೆಯ ದಿನಕ್ಕೆ ದೃಷ್ಟಿಬೊಟ್ಟಿನ ಹಾಗೆ ಮಧ್ಯಾಹ್ನ ಆ ಹುಡುಗಿ ಮತ್ತೆ ಬಂದಳು. ಹೊಂಡ ನೋಡಿ ಅವಳ ಮುಖ ಸಣ್ಣದಾಯಿತು. ಬೈಯಲಿಲ್ಲ. ಬೈದಿದ್ದರೆ ನನಗೂ ಹಗುರಾಗುತ್ತಿತ್ತು. ಗಿರಣಿಯ ಬಾಗಿಲಲ್ಲಿ ಕೂತು, ಖಾರದ ಘಾಟಿಗೆ ಸೀನುತ್ತ ಸೀನುತ್ತ ಬಿಡಿಸಿ ಹೇಳಿದಳು.

"ನೀರಿಗೆ ದಾರಿ ಬೇಕ್ರಿ ಅಕ್ಕಾರ. ಇಲ್ಲಿ ಬಾಯಿ ಕಟ್ಟಿದ್ರ ಇನ್ನೊಂದು ಕಡೆ ದಾರಿ ಹುಡುಕ್ತದ. ಹುಡುಕೋ ಮುಂದ ಏರಿ ಮಣ್ಣು ಹೊತಗೊಂಡು ಬರ್ತದ. ಒಳಗ ಪೊಳ್ಳಾತಂದ್ರ ಏರಿ ನಿಲ್ಲೂದಿಲ್ಲ."

ನೆಲದ ಸಿಮೆಂಟು ಒಡೆಸಿಬಿಡಿ, ಅದರ ಬದಲು ಉಸುಕು, ಜಲ್ಲಿ ಹಾಕಿದರೆ ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ, ಆಳು ಸಾಮಾನು ತಾನೇ ತರಿಸುತ್ತೇನೆ ಎಂದಳು. ಹರಕೆಯ ಹೊಂಡ ಒಡೆಯುವುದೆಂದರೆ ತಾಯಿಯ ಮೈಮೇಲೆ ಕೈಮಾಡಿದ ಹಾಗೆ, ಇನ್ನೊಮ್ಮೆ ಆ ಮಾತು ಎತ್ತಬೇಡ ಎಂದೆ. ಸರಿ, ಮೇಲಿನವರಿಗೆ ಬರೆಯುತ್ತೇನೆ, ಅಲ್ಲಿಯ ತನಕ ದಿನಾ ನೀರಿನ ಬಣ್ಣ ನೋಡಿ, ಕೆಂಪಾದರೆ ಯಾವ ಹೊತ್ತಾದರೂ ಫೋನು ಮಾಡಿ ಎಂದು ಗಿರಣಿಯ ಗೋಡೆಯ ಮೇಲೆ ಸೀಮೆಸುಣ್ಣದಿಂದ ತನ್ನ ನಂಬರು ಬರೆದಳು. ನನ್ನ ಗೋಡೆ, ನನ್ನ ಸೀಮೆಸುಣ್ಣ. ದಿನಾ ನೀರು ನೋಡಲು ನಾನೇನು ಅವಳ ಆಳೇ?

ಚಹಾ ಮಾತ್ರ ಕೊಟ್ಟೆ. ಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ರೂಢಿ ಇಲ್ಲ.

ಆಗಸ್ಟ್ 5, ಮಂಗಳವಾರ

ಮಳೆಯೋ ಮಳೆ. ಡ್ಯಾಮು ಕೋಡಿ ಬಿದ್ದಿದೆ. ಊರವರೆಲ್ಲ ಏರಿಯ ಮೇಲೆ ನಿಂತು ಮೊಬೈಲಿನಲ್ಲಿ ಫೋಟೋ ಹಿಡಿಯುತ್ತಿದ್ದಾರೆ. ಭತ್ತದ ಗದ್ದೆಯವರ ಮುಖ ನೋಡಬೇಕು.

ಗೋಮುಖದ ನೀರು ಮಾತ್ರ ಸಣ್ಣಗಾಗಿದೆ. ಇಷ್ಟು ಮಳೆಯಲ್ಲಿ ಹೆಚ್ಚಾಗಬೇಕಿತ್ತು. ಅತ್ತೆ, ಗಂಗವ್ವ ಮುನಿಸಿಕೊಂಡಿರಬೇಕು ಎಂದರು. ಯಾತಕ್ಕೆ ಮುನಿಸು? ಹಿತ್ತಾಳೆ ಕಡಿಮೆಯಾಯಿತೇ?

ಆಗಸ್ಟ್ 7, ಗುರುವಾರ

ಎಲ್ಲರೂ ಇದ್ದೇವೆ. ಏರಿಯೂ ಇದೆ. ಬರೆಯಲು ಕೈ ಏಳುತ್ತಿಲ್ಲ.

ಆಗಸ್ಟ್ 8, ಶುಕ್ರವಾರ

ಊರೆಲ್ಲ ವರಮಹಾಲಕ್ಷ್ಮಿ ಪೂಜೆ. ನಮ್ಮ ಮನೆಯಲ್ಲಿ ಒಲೆಯೂ ಹತ್ತಿಲ್ಲ. ನಿನ್ನೆಯದನ್ನು ಮೊದಲಿಂದ ಬರೆಯುತ್ತೇನೆ.

ಬೆಳಿಗ್ಗೆ ಬಟ್ಟೆ ಒಗೆಯಲು ಹೋದ ಹೆಂಗಸರು ಓಡಿಬಂದು, ಗಂಗವ್ವ ಇನ್ನೊಂದು ಕಡೆ ಉದ್ಭವವಾಗಿದ್ದಾಳೆ ಎಂದರು. ಹೋಗಿ ನೋಡಿದೆ. ಹೊಂಡದಿಂದ ಸ್ವಲ್ಪ ದೂರ, ಜಾಲಿಯ ಬುಡದಲ್ಲಿ, ಅನ್ನ ಕುದಿಯುವ ಹಾಗೆ ನೀರು ಕೊತಕೊತ ಏಳುತ್ತಿತ್ತು. ಸುತ್ತ ಇರುವೆ ಗೂಡಿನಂತೆ ಮಣ್ಣಿನ ದುಂಡನೆಯ ದಂಡೆ. ಆಗಲೇ ಯಾರೋ ಕುಂಕುಮ ಹಾಕಿದ್ದರು, ಕಾಯಿ ಒಡೆದಿದ್ದರು. ನನಗೂ ಕಣ್ಣು ತುಂಬಿ ಬಂತು. ನನ್ನ ಹೊಂಡ ಮೆಚ್ಚಿ ತಾಯಿ ಎರಡನೆಯ ರೂಪ ತೋರಿಸಿದಳು ಎಂದು ಅಲ್ಲಿ ನಿಂತವರಿಗೆಲ್ಲ ನಾನೇ ಹೇಳಿದೆ. ಮಧುವಿಗೆ ತೀರ್ಥವೆಂದು ಒಂದು ಸ್ಟೀಲ್ ಲೋಟದಲ್ಲಿ ಆ ನೀರು ತುಂಬಿಕೊಂಡು ಬಂದೆ.

ನೀರು ಚಹಾದ ಬಣ್ಣವಿತ್ತು. ಮಳೆಯ ನೀರು ಕೂಡಿರಬೇಕು ಎಂದುಕೊಂಡೆ. ಲೋಟವನ್ನು ಕಟ್ಟೆಯ ಮೇಲಿಟ್ಟು ಕಾಲು ತೊಳೆದು, ಸೆರಗಿಗೆ ಕೈ ಒರೆಸಿ ಎತ್ತಿಕೊಂಡರೆ, ನೀರು ಮೇಲೆ ತಿಳಿಯಾಗಿ, ತಳದಲ್ಲಿ ಬೆರಳು ದಪ್ಪ ಕೆಂಪು ಮಣ್ಣು ಕೂತಿತ್ತು. ಏರಿಯ ಮಣ್ಣು. ಬೇರೆ ಎಲ್ಲಿಯದೂ ಅಷ್ಟು ಕೆಂಪಿಲ್ಲ. ಆ ಹುಡುಗಿಯ ಮಾತು ನೆನಪಾಗಿ ಮೈಯೆಲ್ಲ ಸಿಟ್ಟು ಉರಿಯಿತು. ಆ ಸಿಟ್ಟು ಅವಳ ಮೇಲಿನದಲ್ಲ ಎಂದು ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಗೋಡೆಯ ಮೇಲಿನ ನಂಬರಿಗೆ ಫೋನು ಹಚ್ಚಿದೆ.

ನೀರು ಕುದ್ದಂತೆ ಏಳುತ್ತಿದೆಯೇ, ಸುತ್ತ ಮಣ್ಣಿನ ದಂಡೆ ಕಟ್ಟಿದೆಯೇ ಎಂದು ಕೇಳಿದಳು. ಹೌದು ಎಂದೆ. ನಾನು ಹೇಳಿದ್ದೆನಲ್ಲ ಎಂಬ ಮಾತು ಬರುತ್ತದೆ ಎಂದು ಕಾದೆ, ಬರಲಿಲ್ಲ. ತೂಬು ಪೂರಾ ಎತ್ತಿಸಿ, ಕೆಳಗಿನ ಮನೆಗಳನ್ನು ಖಾಲಿ ಮಾಡಿಸಿ, ಆ ಬಾಯಿಗೆ ಯಾರೂ ಮಣ್ಣು ತುರುಕದ ಹಾಗೆ ನೋಡಿಕೊಳ್ಳಿ, ಈಗಲೇ ಹೊರಟೆ ಎಂದಳು.

ಕೆಳಗಿನ ಮನೆ ಎಂದರೆ ಮೊದಲನೆಯದು ನಮ್ಮದೇ. ಮಧುವನ್ನೂ ಕೂಸನ್ನೂ ಕುಪ್ಪೇಲೂರಿನಲ್ಲಿರುವ ನನ್ನ ತಂಗಿಯ ಮನೆಗೆ ಕಳಿಸಬೇಕು. ಗಂಗಿಪೂಜೆಯಾಗದ ಬಾಣಂತಿ ಹೊಸ್ತಿಲು ದಾಟಬಾರದು. ಅತ್ತೆ ಗದಿಗೆವ್ವ ಅಂದರೆ ಈ ವಿಷಯದಲ್ಲಿ ಇಡೀ ಊರಿಗೆ ಹೈಕೋರ್ಟು. ನಾನು ಅವರ ಕಿವಿಯ ಹತ್ತಿರ ಎಲ್ಲ ಹೇಳಿದೆ. ಅವರು ಎದ್ದು, ಕೂಸಿನ ತಲೆಗೆ ಕುಂಚಿಗೆ ಕಟ್ಟಿ, ತಾವೇ ಎತ್ತಿಕೊಂಡು ಹೋಗಿ ಟಂಟಂ ಗಾಡಿಯಲ್ಲಿ ಕೂತರು. ಮಧು ಅಳುತ್ತಿದ್ದಳು. "ನೀನೂ ಬಾ ಯವ್ವಾ" ಎಂದಳು. ಬರುತ್ತೇನೆ, ನಡಿ ಎಂದು ಸುಳ್ಳು ಹೇಳಿದೆ.

ಹರಿಪ್ರಿಯಾ ಜೀಪಿನಲ್ಲಿ ಬಂದಳು, ಹಿಂದೆ ಆಳುಗಳು. ಯಜಮಾನರು ಆಗಲೇ ತೂಬು ಎತ್ತಿಸಿದ್ದರು. ಊರವರಲ್ಲಿ ಅರ್ಧ ಜನ ಉದ್ಭವವನ್ನು ಮುಟ್ಟಬೇಡಿ ಎಂದರು, ಇನ್ನರ್ಧ ಜನ ಜೇಡಿಮಣ್ಣು ತುರುಕಿ ಬಿಗಿಯೋಣ ಎಂದರು. ಎರಡೂ ಬೇಡ ಎಂದು ಹುಡುಗಿ ಗಂಟಲು ಹರಿದುಕೊಂಡಳು. ಯಾರೂ ಕೇಳಲಿಲ್ಲ. ಆಗ ನಾನು ಬಾಯಿ ತೆಗೆದೆ. ನನ್ನ ಬಿ.ಪಿ. ಆ ಹೊತ್ತಿನಲ್ಲಿ ಎಷ್ಟಿತ್ತೋ ಶಿವನಿಗೇ ಗೊತ್ತು, ಆದರೆ ಎಲ್ಲರೂ ಸುಮ್ಮನಾದರು.

ಮಹಮ್ಮದಗೌಸನು ಬೇರೆ ಕಡೆ ಕೆಲಸಕ್ಕೆ ಇಳಿಸಿದ್ದ ಉಸುಕು, ಜಲ್ಲಿ ಟ್ರ್ಯಾಕ್ಟರಿನಲ್ಲಿ ಬಂತು. ನಮ್ಮ ಗಿರಣಿಯ ಮೆಣಸಿನಕಾಯಿ ಚೀಲಗಳಿಗೆ ಉಸುಕು ತುಂಬಿ ಹೊಸ ಬಾಯಿಯ ಸುತ್ತ ಪೇರಿಸಿದೆವು. ಬ್ಯಾಡಗಿ ಕಾಯಿಯ ಚೀಲ, ಝಾಡಿಸಲು ಪುರಸೊತ್ತಿರಲಿಲ್ಲ. ಇಡೀ ಊರು ಸೀನುತ್ತ ಸೀನುತ್ತ ಕೆಲಸ ಮಾಡಿತು. ಅಷ್ಟು ಹೆದರಿಕೆಯಲ್ಲೂ ಒಬ್ಬಿಬ್ಬರಿಗೆ ನಗು ಬಂತು.

ಆಮೇಲೆ ಹರಿಪ್ರಿಯಾ ಹೊಂಡದ ಕಡೆ ನೋಡಿದಳು. ಇದರ ಅಡಿಯಲ್ಲಿ ನೀರು ಒತ್ತಿಕೊಂಡು ನಿಂತಿದೆ, ಇದು ಒಡೆಯದೆ ಅಲ್ಲಿಯ ಬಾಯಿ ನಿಲ್ಲುವುದಿಲ್ಲ, ಒಡೆದ ಜಾಗಕ್ಕೆ ತಕ್ಷಣ ಉಸುಕು ಬೀಳಬೇಕು ಎಂದು ದಂಡೆಯ ಮೇಲೆ ಗುಡ್ಡೆ ಹಾಕಿಸಿದಳು. ಹಾರೆ ಹಿಡಿದ ಆಳುಗಳು ಗೋಮುಖ ನೋಡಿ ಹಿಂದೆ ಸರಿದರು. ಮಹಮ್ಮದಗೌಸ ನೆಲ ನೋಡುತ್ತ ನಿಂತ.

"ಕಟ್ಟು ಅಂದ್ರಿ, ಕಟ್ಟಿದೆ. ಹರಕಿ ಹೊಂಡ ಒಡಿಯಾಕ ನನಗ ಹಕ್ಕಿಲ್ರಿ ಅಕ್ಕಾರ. ಮೊದಲನೇ ಪೆಟ್ಟು ನೀವ ಹಾಕ್ಬೇಕು."

ಸೆರಗು ಸೊಂಟಕ್ಕೆ ಸಿಗಿಸಿ ಹಾರೆ ತೆಗೆದುಕೊಂಡೆ. ಎಲ್ಲರೂ ಕೇಳುವ ಹಾಗೆಯೇ ಹೇಳಿದೆ.

"ಯವ್ವಾ, ಕಟ್ಟಿಸಿದಾಕಿ ನಾನ, ಒಡಿಯಾಕಿನೂ ನಾನ. ಸಿಟ್ಟಿದ್ರ ನನ್ನ ಮ್ಯಾಲ ತೀರಿಸ್ಕೋ. ಕೂಸಿನ ಗೊಡವಿಗೆ ಹೋಗಬ್ಯಾಡ."

ಮೊದಲ ಪೆಟ್ಟಿಗೆ ಏನೂ ಆಗಲಿಲ್ಲ, ಮಹಮ್ಮದಗೌಸನ ಕೆಲಸ ಅಷ್ಟು ಗಟ್ಟಿ. ಎರಡನೆಯದಕ್ಕೆ ಸೀಳಿತು. ಅಡಿಯಿಂದ ಕೆಂಪು ನೀರು ನನ್ನ ಮೊಣಕಾಲಿಗೆ ಚಿಮ್ಮಿತು. ಆಮೇಲೆ ಆಳುಗಳೂ ಇಳಿದರು. ಒಡೆದಲ್ಲೆಲ್ಲ ಮೊದಲು ಉಸುಕು, ಅದರ ಮೇಲೆ ಸಣ್ಣ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು. ಹರಿಪ್ರಿಯಾ ಕೆಸರಿನಲ್ಲಿ ಮೊಣಕಾಲೂರಿ ಒಂದೊಂದು ಪದರವನ್ನೂ ಕೈಯಿಂದ ಸವರಿ ನೋಡಿದಳು. ಸಂಜೆಯ ಹೊತ್ತಿಗೆ ಜಾಲಿಯ ಬುಡದ ಕುದಿ ಸಣ್ಣಗಾಯಿತು. ಡ್ಯಾಮಿನ ನೀರೂ ಇಳಿಯುತ್ತಿತ್ತು. ಆ ಹುಡುಗಿ ಒಂದು ಚೀಲದ ಮೇಲೆ ಕೂತು, ಇನ್ನು ಚಹಾ ಕೊಡ್ರಿ ಎಂದಳು. ಕುಡಿದು, ಆಳುಗಳನ್ನು ಕಾವಲಿಗೆ ಬಿಟ್ಟು, ತಾನೂ ಜೀಪಿನಲ್ಲೇ ಉಳಿದಳು.

ಆಗಸ್ಟ್ 9, ಶನಿವಾರ

ಕೆಳಗಿನ ಮನೆಗಳೆಲ್ಲ ಇನ್ನೂ ಖಾಲಿ, ನೀರು ನೋಡಲು ನಾವಿಬ್ಬರೇ ಉಳಿದಿದ್ದೇವೆ. ನೀರು ಕೆಂಪೇ ಇದೆ. ಲೋಟದ ತಳದಲ್ಲಿ ಮಣ್ಣು ಮೊನ್ನೆಯಷ್ಟಿಲ್ಲ. ಹರಿಪ್ರಿಯಾಗೆ ತಿಳಿಸಿದೆ.

ಆಗಸ್ಟ್ 10, ಭಾನುವಾರ

ಮಜ್ಜಿಗೆ ನೀರಿನ ಬಣ್ಣ. ಮಣ್ಣು ಚಿಟಿಕೆಯಷ್ಟು. ಮತ್ತೆ ಮಳೆ. ಮಾತ್ರೆ ತೆಗೆದುಕೊಂಡೆ. ಮಳೆ ನಿಲ್ಲುವ ತನಕ ಕಟ್ಟೆಯ ಮೇಲೇ ಕೂತಿದ್ದೆ.

ಆಗಸ್ಟ್ 11, ಸೋಮವಾರ

ತಿಳಿ. ಲೋಟವನ್ನು ಇಟ್ಟು, ಅಡುಗೆ ಮುಗಿಸಿ ಬಂದು ನೋಡಿದೆ, ಆಗಲೂ ತಿಳಿ. ತಳದಲ್ಲಿ ಏನೂ ಇಲ್ಲ. ಫೋನು ಮಾಡಿ "ತಿಳಿ ಐತ್ರಿ" ಎಂದೆ, ಅಷ್ಟಕ್ಕೇ ಅಳು ಬಂದುಬಿಟ್ಟಿತು. ಆ ಕಡೆ ಹುಡುಗಿಯೂ ಮೂಗು ಏರಿಸುತ್ತಿದ್ದಳು. ನೆಗಡಿ ಅಂದಳು.

ಆಗಸ್ಟ್ 13, ಬುಧವಾರ

ಮೇಲಿನವರೂ ಬಂದು ನೋಡಿ ಹೋದರು. ಏರಿ ಗಟ್ಟಿಯಾಗಿ ಕೂತಿದೆ, ಈ ಮಳೆಗಾಲ ನೀರನ್ನು ಅರ್ಧಕ್ಕೇ ನಿಲ್ಲಿಸಿಕೊಳ್ಳಿ, ಬೇಸಿಗೆಯಲ್ಲಿ ಪೂರಾ ದುರಸ್ತಿ ಎಂದರು. ಕೆಳಗಿನ ಮನೆಯವರೆಲ್ಲ ತಿರುಗಿ ಬಂದರು. ಮಧು, ಕೂಸು, ಅತ್ತೆಯೂ ಬಂದರು. ಕೂಸು ಅಷ್ಟರಲ್ಲೇ ದುಂಡಗಾಗಿದೆ.

ಸಂಜೆ ವಿಜಯಮಹಾಂತೇಶ ಬಂದಿದ್ದ, ಭತ್ತದ ಗದ್ದೆಯ ದೊಡ್ಡ ಕುಳ. ತುಂಬಿದ ಡ್ಯಾಮು ಬಸಿದುಬಿಟ್ಟಿರಿ ಎಂದು ಮೊದಲು ಗೊಣಗಿದ. ನಿನ್ನ ಗದ್ದೆಗೆ ಅರ್ಧ ನೀರಾದರೂ ಉಳಿಯಿತು, ಏರಿ ಹೋಗಿದ್ದರೆ ಗದ್ದೆಯೇ ತುಂಗಭದ್ರೆಗೆ ಹೋಗಿ ಬೀಳುತ್ತಿತ್ತು ಎಂದೆ. ಆಮೇಲೆ ಅವನು, ಆದದ್ದಾಯಿತು ಬಿಡಿ, ಆ ಕಲ್ಲಿನ ಗುಡ್ಡೆ ನೋಡಲು ಚೆಂದವಿಲ್ಲ, ತಾನೇ ಮೇಲೆ ಗ್ರಾನೈಟ್ ಹಾಸಿ ಗುಡಿ ಕಟ್ಟಿಸುತ್ತೇನೆ ಎಂದ. ನನಗೆ ಎಲ್ಲಿತ್ತೋ ಸಿಟ್ಟು. ಸೋರಿಕೆಯ ಬಾಯಿ ಕಟ್ಟಿದರೆ ಅದು ಇನ್ನೊಂದು ಕಡೆ ದಾರಿ ಹುಡುಕುತ್ತದೆ, ಹುಡುಕುವಾಗ ಮಣ್ಣು ಹೊತ್ತು ತರುತ್ತದೆ, ಅಷ್ಟೂ ತಿಳಿಯುವುದಿಲ್ಲವೇ, ಅದರ ಮೇಲೆ ಒಂದು ಬುಟ್ಟಿ ಸಿಮೆಂಟು ಬಿದ್ದರೆ ನಿನ್ನನ್ನು ಸುಮ್ಮನೆ ಬಿಡುವುದಿಲ್ಲ ಎಂದು ಬಾಗಿಲ ತನಕ ಅಟ್ಟಿದೆ. ಇಂಥವರಿಗೆ ಎಷ್ಟು ಹೇಳಿದರೂ ಅಷ್ಟೇ.

ಯಜಮಾನರು ಗಿರಣಿಯ ಮೂಲೆಯಲ್ಲಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಏನು ನಗು ಎಂದರೆ ಹೇಳಲಿಲ್ಲ. ಈ ಮನುಷ್ಯನಿಗೆ ಯಾವುದಕ್ಕೆ ನಗಬೇಕು ಎನ್ನುವುದೇ ತಿಳಿಯುವುದಿಲ್ಲ.

ಆಗಸ್ಟ್ 18, ಸೋಮವಾರ

ಗಂಗಿಪೂಜೆ ಆಯಿತು, ಅತ್ತೆ ಹಿಡಿದ ದಿನಕ್ಕಿಂತ ಒಂದು ವಾರ ತಡವಾಗಿ.

ಎಲ್ಲಿ ಮಾಡುವುದು ಎಂಬುದೇ ದೊಡ್ಡ ಚರ್ಚೆಯಾಗಿತ್ತು. ಹೊಂಡವಿಲ್ಲ, ಗೋಮುಖವಿಲ್ಲ, ಒಂದು ಕಲ್ಲಿನ ಗುಡ್ಡೆ, ಅದರ ಸಂದಿಯಿಂದ ಹರಿಯುವ ನೀರು. ಅತ್ತೆ ಕೋಲೂರಿಕೊಂಡು ಹೋಗಿ ಒಂದು ದಪ್ಪ ಕಲ್ಲಿಗೆ ಅರಿಷಿಣ ಹಚ್ಚಿಬಿಟ್ಟರು. ಅಲ್ಲಿಗೆ ಚರ್ಚೆ ಮುಗಿಯಿತು. ಮಧು ಹಸಿರು ಇಲಕಲ್ಲು ಸೀರೆ ಉಟ್ಟು, ಕಿವಿಗೆ ಹತ್ತಿ ಇಟ್ಟುಕೊಂಡು, ಕುಂಕುಮ ಏರಿಸಿ, ಐದು ಕಲ್ಲು ಪೂಜಿಸಿದಳು. ಹರಿಪ್ರಿಯಾಳನ್ನೂ ಕರೆದಿದ್ದೆ. ಬಂದವಳು ಮೊದಲು ನೀರು ನೋಡಿದಳು, ನಾನು ಅಷ್ಟು ಹೊತ್ತಿಗೆ ಎರಡು ಸಲ ನೋಡಿದ್ದೆ. ಅವಳಿಗೂ ಉಡಿ ತುಂಬಿದೆವು. ಅಕ್ಕಿ, ಕೊಬ್ಬರಿ, ಕುಪ್ಪಸದ ಕಣ. ಸೆರಗು ಇಲ್ಲ, ಪ್ಯಾಂಟು ಹಾಕಿ ಬಂದಿದ್ದಳು, ಓಢಣಿ ಒಡ್ಡಿ ಹಿಡಿದುಕೊಂಡಳು. ಮೊದಲ ಸಲ ಉಡಿ ತುಂಬಿಸಿಕೊಳ್ಳುವವರ ಹಾಗೆ ಅಂಜುತ್ತಿದ್ದಳು.

ಚೊಂಬು ತುಂಬುವ ಹೊತ್ತಿಗೆ ಮಧು ಹಾಗೇ ನಿಂತಳು. ಒಂದು ಮಾತು ಅವಳ ಮನಸ್ಸಿನಲ್ಲಿ ಕೊರೆಯುತ್ತಿತ್ತೆಂದು ನನಗೆ ಗೊತ್ತಿತ್ತು. ನನ್ನಲ್ಲೂ ಕೊರೆಯುತ್ತಿತ್ತು. ಮೆಲ್ಲಗೆ ಕೇಳಿದಳು, "ಯವ್ವಾ, ಹರಕಿ ಮುಟ್ಟಿಸಿದಂಗ ಆತೋ ಇಲ್ಲೋ?"

ಕಿವಿ ಮಂದದ ಅತ್ತೆಗೆ ಅದು ಹೇಗೆ ಕೇಳಿಸಿತೋ, ಅವರೇ ಹೇಳಿದರು.

"ನಿಮ್ಮವ್ವ ಗಂಗವ್ವಗ ಮನಿ ಕಟ್ಟಿಸ್ತೇನಿ ಅಂದಿದ್ಲು. ಆಕಿಗೆ ಮನಿ ಬೇಕಾಗಿದ್ದಿಲ್ಲ, ದಾರಿ ಬೇಕಾಗಿತ್ತು. ಕೊಟ್ಟಾಳ. ತುಂಬು ಚೊಂಬು."

ಮಧು ತುಂಬಿದಳು. ತಲೆಯ ಮೇಲೆ ಹೊತ್ತು ನಡೆದಳು, ಹಿಂದೆ ಕೂಸನ್ನೆತ್ತಿಕೊಂಡು ನಾನು. ಕೂಸು ದಾರಿಯುದ್ದಕ್ಕೂ ನಿದ್ದೆ ಮಾಡಿತು. ಮನೆಯ ಹೊಸ್ತಿಲಲ್ಲಿ ನೀರು ಇಳಿಸಿಕೊಂಡಾಗ ನನ್ನ ಮೈಯಿಂದಲೂ ಏನೋ ಇಳಿದ ಹಾಗಾಯಿತು.

ಆಗಸ್ಟ್ 20, ಬುಧವಾರ

ರಾತ್ರಿ ದೊಡ್ಡ ಮಳೆಯಂತೆ. ಗುಡುಗು, ಸಿಡಿಲು, ಗಿರಣಿಯ ಮುಂದಿನ ತಗಡು ಹಾರಿ ಪಕ್ಕದವರ ಹಿತ್ತಲಲ್ಲಿ ಬಿದ್ದಿದೆಯಂತೆ. ಮನೆಯವರೆಲ್ಲ ಎದ್ದು ಕೂತಿದ್ದರಂತೆ, ಕೂಸು ಕೂಡ.

ನನಗೆ ಗೊತ್ತೇ ಆಗಲಿಲ್ಲ. ಬಿಸಿಲು ಬಂದ ಮೇಲೆ ಎದ್ದೆ.